ಕೆರೆಗೆ ನೀರುಗಂಟಿ ಇದ್ದ, ಬೋರಿಗೆ ಯಾರು?



ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಸುಮಾರು ಹತ್ತು ವರ್ಷದಿಂದ ಓಡಾಡಿಕೊಂಡಿರುವವನು ನಾನು. ಬೀಜೋಪಚಾರ ಹೇಗೆ, ಮುಸುಕಿನ ಜೋಳಕ್ಕೆ ಬಿದ್ದ ಹುಳಕ್ಕೆ ಏನು ಮದ್ದು, ಮಣ್ಣು ಪರೀಕ್ಷೆಯ ಚೀಟಿ ಓದುವುದು ಹೇಗೆ ಎಂದೆಲ್ಲ ನೀವು ಕೇಳಿದ್ದೀರಿ, ನಾನು ಕಲಿತಷ್ಟು ಹೇಳಿದ್ದೇನೆ. ಆದರೆ ಹೋದ ಬೇಸಿಗೆಯಲ್ಲಿ ಪಿರಿಯಾಪಟ್ಟಣದ ಕಡೆ ಒಂದು ಊರಿನಲ್ಲಿ ಒಬ್ಬ ಹಿರಿಯರು ಕೇಳಿದ ಪ್ರಶ್ನೆಗೆ ಮಾತ್ರ ಸುಮ್ಮನೆ ನಿಂತುಬಿಟ್ಟೆ.

ಅವರದು ನಲವತ್ತು ಅಡಿಯ ತೆರೆದ ಬಾವಿ, ಅವರ ತಂದೆ ತೋಡಿಸಿದ್ದು. ಹದಿನೈದು ತೆಂಗಿನ ಮರ, ಒಂದಿಷ್ಟು ತರಕಾರಿ, ಎರಡು ಹಸು. ಇಷ್ಟಕ್ಕೆ ಆ ಬಾವಿ ಎಂದೂ ಇಲ್ಲವೆಂದದ್ದಿಲ್ಲ. ಪಕ್ಕದ ಹೊಲ ಅವರ ದಾಯಾದಿಯದು. ಆತ ಶುಂಠಿ ಹಾಕುವುದಕ್ಕೆಂದು ಬಾವಿಯಿಂದ ಇಪ್ಪತ್ತು ಮಾರು ದೂರದಲ್ಲಿ ಆರು ನೂರು ಅಡಿ ಬೋರು ಕೊರೆಸಿದ. ಒಂದೇ ಬೇಸಿಗೆಗೆ ಬಾವಿಯ ತಳ ಕಂಡಿತು. ಹಿರಿಯರು ನನ್ನನ್ನು ಬಾವಿಕಟ್ಟೆಗೆ ಕರೆದುಕೊಂಡು ಹೋಗಿ ಹೇಳಿದ್ದು ಇಷ್ಟೇ: “ಅವ್ನು ಕದ್ದಿಲ್ಲ ಕಣಪ್ಪ. ಅವ್ನ ಹೊಲ, ಅವ್ನ ದುಡ್ಡು. ಆದ್ರೆ ನನ್ನ ನೀರು ಎಲ್ಲೋಯ್ತು? ಕೆರೆಯಾಗಿದ್ರೆ ನೀರುಗಂಟಿ ಇದ್ದ, ಕೇಳೋಕೆ ಊರಿತ್ತು. ಈ ಬೋರಿಗೆ ಯಾರನ್ನ ಕೇಳಾನ?”

ಅವತ್ತು ಉತ್ತರ ಹೊಳೆಯಲಿಲ್ಲ. ಆಮೇಲೆ ಹಳೆಯ ಕಾಯಿದೆ, ಹಳೆಯ ಕಥೆಗಳನ್ನು ಹುಡುಕಿಕೊಂಡು ಹೋದೆ. ಸಿಕ್ಕ ಸಂಗತಿ ಸ್ವಲ್ಪ ಉದ್ದದ್ದು. ನಮ್ಮ ಕೆರೆ ಏರಿಯ ಮೇಲೆ ಹೊರಟು, ಸಮುದ್ರದಾಚೆ ರೈತರು ನಡೆಸಿದ ಒಂದು ಚುನಾವಣೆಯನ್ನು ನೋಡಿಕೊಂಡು, ಮತ್ತೆ ನಮ್ಮ ಗ್ರಾಮಸಭೆಯ ಜಮಖಾನದ ಮೇಲೇ ಬಂದು ಕೂರಬೇಕಾಗುತ್ತದೆ. ಎಲೆ ಅಡಿಕೆ ಹಾಕಿಕೊಂಡು ನಿಧಾನವಾಗಿ ಕೇಳಿ.

ನಮ್ಮ ಸೀಮೆಯಲ್ಲಿ ಹಿಂದಿನಿಂದ ನೀರಾವರಿ ಎರಡು ಬಗೆ. ಒಂದು, ಹೊಳೆಗೆ ಅಡ್ಡಲಾಗಿ ಕಟ್ಟೆ ಹಾಕಿ ನಾಲೆ ತೆಗೆದದ್ದು. ಕಾವೇರಿಗೆ ಚುಂಚನಕಟ್ಟೆ, ಲಕ್ಷ್ಮಣತೀರ್ಥಕ್ಕೆ ಹನಗೋಡು. ಆಮೇಲೆ ಕೋಟೆ ಸೀಮೆಯಲ್ಲಿ 1959ರಲ್ಲಿ ನುಗು, 1974ರಲ್ಲಿ ಕಬಿನಿ ಅಣೆಕಟ್ಟುಗಳು ಬಂದವು. ನಾಲೆಯ ಮಾತು ಇವತ್ತಿಗೆ ಬೇಡ, ಅದು ಸರ್ಕಾರದ ಕೈಲಿರುವ ನೀರು. ಇನ್ನೊಂದು ಬಗೆ ಕೆರೆ. ಮಳೆ ನೀರು ಹರಿದು ಬಂದು ನಿಲ್ಲುವ ಕೆರೆ. ಅದಕ್ಕೊಂದು ಏರಿ, ತೂಬು, ಕೋಡಿ. ತೂಬಿನ ಕೆಳಗೆ ಅಚ್ಚುಕಟ್ಟು.

ಕೆರೆ ತುಂಬಿದ ವರ್ಷ ಜಗಳವಿಲ್ಲ. ಅರ್ಧ ತುಂಬಿದ ವರ್ಷವೇ ಊರಿನ ಬುದ್ಧಿ ತಿಳಿಯುವುದು. ಅಂಥ ವರ್ಷ ಅಚ್ಚುಕಟ್ಟುದಾರರು ಸೇರಿ, ಇರುವ ನೀರು ಎಷ್ಟು ಗದ್ದೆಗೆ ಸಾಲುತ್ತದೆ ಎಂದು ಅಳೆದು ಸುರಿದು, ಈ ಸಲ ಇಷ್ಟೇ ನಾಟಿ ಎಂದು ತೀರ್ಮಾನ ಮಾಡಿಕೊಳ್ಳುತ್ತಿದ್ದರು. ತೀರ್ಮಾನವಾದ ಮೇಲೆ ತೂಬಿನ ಕೀಲು ನೀರುಗಂಟಿಯ ಕೈಗೆ. ಯಾವ ಗದ್ದೆಗೆ ಎಷ್ಟು ಹೊತ್ತು ಎಂಬುದು ಅವನ ಲೆಕ್ಕ. ಗೌಡನ ಗದ್ದೆಯಾದರೂ ಸರದಿ ಬಂದಾಗಲೇ ನೀರು. ಅವನ ಕೂಲಿ ಸುಗ್ಗಿಯಲ್ಲಿ ಕಣದಲ್ಲೇ ಸಲ್ಲುತ್ತಿತ್ತು. ಕೆಲವು ಕಡೆ ಇನಾಮು ಭೂಮಿ ಇತ್ತು.

ಹಳೆಯದೆಲ್ಲ ಹೊನ್ನು ಎಂದು ನಾನು ಹೇಳುವವನಲ್ಲ. ಬಹಳ ಊರುಗಳಲ್ಲಿ ಈ ನೀರುಗಂಟಿ ದಲಿತ ಕುಲದವನು. ಊರಿನ ನೀರನ್ನೆಲ್ಲ ಹಂಚಿದವನಿಗೆ ಊರ ಬಾವಿಯಲ್ಲಿ ನೀರು ಸೇದುವ ಹಕ್ಕಿರಲಿಲ್ಲ. ತೀರ್ಮಾನ ಮಾಡುವ ಸಭೆಯಲ್ಲಿ ಗದ್ದೆ ಇದ್ದವರು ಮಾತ್ರ ಕೂರುತ್ತಿದ್ದರು, ಹೆಂಗಸರಂತೂ ಇಲ್ಲವೇ ಇಲ್ಲ. ಆದರೂ ಒಂದು ಮಾತು ನಿಜ. ನೀರು ಕಡಿಮೆ ಬಿದ್ದಾಗ ಎಲ್ಲರೂ ಸೇರಿ ಕೈ ಹಿಡಿತ ಮಾಡಬೇಕು ಎಂಬುದು ಆ ಊರುಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಅಭ್ಯಾಸಕ್ಕೆ ಕಾಯಿದೆಯ ಬೆಂಬಲವೂ ಒಮ್ಮೆ ಬಂತು. ಮೈಸೂರು ಸಂಸ್ಥಾನದ ಸರ್ಕಾರ 1911ನೇ ಇಸವಿಯಲ್ಲಿ ಕೆರೆ ಪಂಚಾಯಿತಿಗಳ ರೆಗ್ಯುಲೇಷನ್ ಹೊರಡಿಸಿತು. ಕೆರೆಯ ದುರಸ್ತಿ, ಕಾಪು, ಇವನ್ನು ಅದರ ನೀರು ಉಣ್ಣುವ ರೈತರ ಪಂಚಾಯಿತಿಗೇ ವಹಿಸುವುದು ಅದರ ಉದ್ದೇಶ. ಯೋಚನೆ ಮಾಡಿ: ಅಸೆಂಬ್ಲಿ ಚುನಾವಣೆಯಲ್ಲಿ ಎಲ್ಲರಿಗೂ ಮತ ಬರುವುದಕ್ಕೆ ನಲವತ್ತು ವರ್ಷ ಮೊದಲೇ, ಒಂದು ಕೆರೆಗೆ ಒಂದು ಪಂಚಾಯಿತಿ ಎಂಬ ಮಾತು ನಮ್ಮ ರಾಜ್ಯದ ಕಾಯಿದೆ ಪುಸ್ತಕದಲ್ಲಿತ್ತು.

ಆಮೇಲೆ ಏನಾಯಿತು? ಕೆರೆಗಳು ಇಲಾಖೆಗಳ ಪಾಲಾದವು. 1961ರ ಗ್ರಾಮ ಅಧಿಕಾರಗಳ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ಪಟೇಲ, ಶಾನುಭೋಗ, ತೋಟಿ, ನೀರುಗಂಟಿ ಎಲ್ಲರ ವಂಶಪಾರಂಪರ್ಯದ ಹುದ್ದೆಗಳೂ ಹೋದವು. ಹುಟ್ಟಿನಿಂದ ಬರುವ ಚಾಕರಿ ಹೋದದ್ದು ಒಳ್ಳೆಯದೇ. ಆದರೆ ಆ ಕೆಲಸ ಯಾರು ಮಾಡಬೇಕು ಎಂಬುದಕ್ಕೆ ಉತ್ತರವಿಲ್ಲದೆ ತೂಬುಗಳು ಅನಾಥವಾದವು. ಹೂಳು ತುಂಬಿತು, ಒತ್ತುವರಿಯಾಯಿತು. ಕೆರೆ ಕೈಬಿಟ್ಟ ಮೇಲೆ ರೈತ ನೆಲದ ಒಳಗೆ ನೋಡಿದ.

ಬಾವಿ ಹೊಸದೇನಲ್ಲ. ಕಪಿಲೆ ಹೂಡುತ್ತಿದ್ದರು, ಏತ ಎತ್ತುತ್ತಿದ್ದರು. ಕಪಿಲೆ ಬಾವಿಗೆ ಪಂಚಾಯಿತಿ ಬೇಕಾಗಿರಲಿಲ್ಲ, ಏಕೆಂದರೆ ಎತ್ತುಗಳೇ ಪಂಚಾಯಿತಿ. ಸಂಜೆಗೆ ಎತ್ತು ಸೋತರೆ ನೀರು ಸೇದುವುದು ನಿಂತಿತು. ರಾತ್ರಿಯೆಲ್ಲಾ ಬಾವಿಗೆ ಊಟೆ ಬಂತು. ಡೀಸೆಲ್ ಎಂಜಿನ್ನು, ಆಮೇಲೆ ಕರೆಂಟು ಮೋಟಾರು ಬಂದಾಗ ಈ ಸೋಲುವ ಗುಣ ಹೋಯಿತು. 1974ರ ಭೂಸುಧಾರಣೆಯಲ್ಲಿ, ಅದೂ ನಮ್ಮ ಹುಣಸೂರಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, ಗೇಣಿದಾರ ಭೂಮಿಗೆ ಒಡೆಯನಾದ. ಸ್ವಂತ ಭೂಮಿ ಎಂದ ಮೇಲೆ ಸ್ವಂತ ಬಾವಿ ಬೇಕೆನ್ನಿಸುವುದು ಸಹಜ. ಅದು ತಪ್ಪಲ್ಲ.

ಇಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. 1983ರಲ್ಲಿ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಮಂತ್ರಿ. ಊರೂರಿಗೆ ಕೊಳವೆ ಬಾವಿ ಕೊರೆಸಿ ಕೈಪಂಪು ಹಾಕಿಸಿದರು. ಜನ ಪ್ರೀತಿಯಿಂದ ‘ನೀರ್ ಸಾಬ್’ ಎಂದರು. ಮೈಲಿ ದೂರದಿಂದ ಬಿಂದಿಗೆ ಹೊತ್ತು ತರುತ್ತಿದ್ದ ಅಜ್ಜಿಯರನ್ನು ಕೇಳಿ, ಆ ಪಂಪಿನ ಬೆಲೆ ಹೇಳುತ್ತಾರೆ. ಅದೇ ನಜೀರ್ ಸಾಬರೇ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳ ಕಾಯಿದೆಯನ್ನೂ ತಂದರು. 1987ರ ಜನವರಿಯಲ್ಲಿ ಅದರ ಚುನಾವಣೆ ನಡೆದು, ನೂರಕ್ಕೆ ಇಪ್ಪತ್ತೈದು ಸ್ಥಾನ ಹೆಂಗಸರಿಗೆಂದೇ ಮೀಸಲಾಯಿತು. 1988ರಲ್ಲಿ ಅವರು ತೀರಿಕೊಂಡರು. ಮೈಸೂರಿನಲ್ಲಿ ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ಸಂಸ್ಥೆಗೆ ಅವರ ಹೆಸರೇ ಇದೆ.

ಊರಿಗೆ ಬೋರು ತಂದವರು, ಊರಿಗೆ ಮತ ತಂದವರು, ಇಬ್ಬರೂ ಒಬ್ಬರೇ. ಆದರೆ ಆ ಬೋರೂ ಈ ಮತವೂ ಇವತ್ತಿನವರೆಗೆ ಒಂದನ್ನೊಂದು ಮಾತನಾಡಿಸಿಲ್ಲ. ಕುಡಿಯುವ ನೀರಿಗೆಂದು ಬಂದ ಯಂತ್ರವನ್ನು ಹೊಲದವರೂ ಕರೆಸಿದರು. ತಮಿಳುನಾಡಿನ ಕಡೆಯ ಲಾರಿಗಳು ರಾತ್ರಿ ಬಂದು ಬೆಳಗಾಗುವುದರೊಳಗೆ ಕೊರೆದುಕೊಟ್ಟು ಹೋದವು. 2008ರಿಂದ 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟೂ ಉಚಿತವಾಯಿತು. ಕರೆಂಟು ಬಂದಾಗ ತಾನೇ ಓಡಲಿ ಎಂದು ಸ್ಟಾರ್ಟರಿಗೆ ಆಟೋಮ್ಯಾಟಿಕ್ ಹಾಕಿ ಮಲಗುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ನಾನೂ ರೈತನ ಮಗನೇ. ನಮ್ಮ ತಂದೆ ಮೂರು ಬೋರು ಕೊರೆಸಿದರು. ಎರಡರಲ್ಲಿ ಬರೀ ಬಿಳಿ ಹುಡಿ ಹಾರಿತು. ಅವ್ವನ ಕೊರಳಿನದು ಆ ಹುಡಿಯ ಜೊತೆಗೇ ಹೋಯಿತು. ಅವತ್ತು ನಮ್ಮ ಪಕ್ಕದವರ ಬಾವಿಗೆ ಏನಾಗುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಹಿರಿಯರ ಮೊದಲ ಪ್ರಶ್ನೆ: ನನ್ನ ನೀರು ಎಲ್ಲಿಗೆ ಹೋಯಿತು?

ನಮ್ಮ ನೆಲದಡಿ ಇರುವುದು ಗ್ರಾನೈಟು, ನೈಸ್ ಜಾತಿಯ ಗಟ್ಟಿ ಕಲ್ಲು. ಅದರ ಮೇಲುಗಡೆ ಸವೆದು ಪುಡಿಯಾಗುವ ಮೆದುಗಲ್ಲಿನ ಪದರ. ತೆರೆದ ಬಾವಿ ತೋಡುವುದು ಈ ಪದರದಲ್ಲೇ. ನೂರು ಬುಟ್ಟಿ ಮೆದುಗಲ್ಲಿನಿಂದ ಕೈಗೆ ಸಿಗುವ ನೀರು ಒಂದರಿಂದ ಮೂರು ಬುಟ್ಟಿ ಅಷ್ಟೆ. ಕೆಳಗಿನ ಗಟ್ಟಿ ಕಲ್ಲಿನಲ್ಲಿ ಅಷ್ಟೂ ಇಲ್ಲ, ಬರೀ ಬಿರುಕುಗಳು. ಆರು ನೂರು ಅಡಿಯಲ್ಲಿ ಸಿಕ್ಕಿದ ನೀರು ಪಾತಾಳಗಂಗೆ ಎಂದು ನಾವು ತಿಳಿಯುತ್ತೇವೆ. ಪಾತಾಳದಲ್ಲಿ ಹೊಳೆ ಹರಿಯುತ್ತಿಲ್ಲ. ಆ ಬಿರುಕು ತುಂಬುವುದು ಬಹುಮಟ್ಟಿಗೆ ಮೇಲಿನ ಮೆದುಗಲ್ಲಿನಿಂದಲೇ ಇಳಿದು ಬರುವ ನೀರಿನಿಂದ. ದಾಯಾದಿಯ ಬೋರಿನಲ್ಲಿ ಎದ್ದದ್ದು ಹಿರಿಯರ ಬಾವಿಯ ಊಟೆಯೇ ಎಂದು ಹೇಳಿದರೆ ಬಹಳ ತಪ್ಪಾಗಲಾರದು.

ಇನ್ನೊಂದು ಸಣ್ಣ ಲೆಕ್ಕ, ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರ ಕೈಲಿ ಮಾಡಿಸಿ. ವರ್ಷಕ್ಕೆ 800 ಮಿಲಿಮೀಟರು ಮಳೆ ಎಂದು ಇಟ್ಟುಕೊಳ್ಳಿ. ನಮ್ಮಂಥ ಕಲ್ಲುನೆಲದಲ್ಲಿ ಅದರ ಹತ್ತರಲ್ಲೊಂದು ಪಾಲು, ಅಂದರೆ 80 ಮಿಲಿಮೀಟರು ಒಳಗೆ ಇಂಗುತ್ತದೆ. ಒಂದು ಎಕರೆಗೆ ಅದು ಸುಮಾರು 3 ಲಕ್ಷ 20 ಸಾವಿರ ಲೀಟರು. ಬೋರಿನ ನೀರಿನಲ್ಲಿ ಬೇಸಿಗೆ ಭತ್ತ ಬೆಳೆದರೆ ಎಕರೆಗೆ 1200 ಮಿಲಿಮೀಟರು, ಅಂದರೆ 48 ಲಕ್ಷ ಲೀಟರಿಗೂ ಮೇಲೆ ಬೇಕು. ಹದಿನೈದು ಎಕರೆಯ ಮಳೆ ಒಂದು ಎಕರೆಯ ಭತ್ತಕ್ಕೆ! ಗದ್ದೆಯಲ್ಲಿ ನಿಂತ ನೀರು ಒಂದು ಪಾಲು ಮತ್ತೆ ಇಂಗುತ್ತದೆ, ಒಪ್ಪೋಣ. ಅದನ್ನು ಕಳೆದರೂ ಎಂಟು ಹತ್ತು ಎಕರೆ ಆಯಿತು. ಬೋರು ಹಾಕಿದವನಿಗೆ ಹತ್ತು ಎಕರೆ ಇದ್ದರೆ ಸರಿ. ಎರಡೇ ಎಕರೆ ಇದ್ದರೆ ಮಿಕ್ಕ ಎಂಟು ಎಕರೆ ಯಾರದು?

ಈ ಪ್ರಶ್ನೆಯನ್ನು ಕಾಯಿದೆ ಬಹಳ ಹಿಂದೆಯೇ ಕೇಳಿಕೊಂಡು ತಪ್ಪು ಉತ್ತರ ಕೊಟ್ಟಿತು. 1843ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಮೊಕದ್ದಮೆ. ಹತ್ತಿ ಗಿರಣಿಯವನ ಬಾವಿ, ನೆರೆಯಲ್ಲಿ ಕಲ್ಲಿದ್ದಲು ಗಣಿ ತೋಡಿದ್ದರಿಂದ ಬತ್ತಿತು. ನ್ಯಾಯಾಲಯ ಗಣಿಯವನ ಪರ ತೀರ್ಪು ಕೊಟ್ಟಿತು: ಹೊಳೆಯ ನೀರಾದರೆ ನೆರೆಯವನಿಗೆ ಹಕ್ಕುಂಟು, ನೆಲದಡಿ ಜಿನುಗುವ ನೀರಿಗೆ ಇಲ್ಲ, ನೆಲದೊಡೆಯ ಎಷ್ಟು ಬೇಕಾದರೂ ತೆಗೆಯಬಹುದು. ಈ ತತ್ವವೇ 1882ರ ನಮ್ಮ ಅನುಭೋಗ ಹಕ್ಕುಗಳ ಕಾಯಿದೆಗೂ ಬಂತು. ಮೊದಲು ಜಾರಿಯಾದದ್ದು ಮದ್ರಾಸು, ಮಧ್ಯಪ್ರಾಂತ ಮತ್ತು ಪಿರಿಯಾಪಟ್ಟಣದ ಗಡಿಗೇ ತಾಗಿದ ಕೊಡಗಿನಲ್ಲಿ. “ಅವ್ನ ಹೊಲ, ಅವ್ನ ದುಡ್ಡು” ಎಂದು ನಮ್ಮ ಹಿರಿಯರು ಹೇಳಿದರಲ್ಲ, ಅದು ಬಿಳಿಯರ ಕೋರ್ಟಿನಿಂದ ಬಂದ ಮಾತು ಎಂದು ಅವರಿಗೆ ಗೊತ್ತಿರಲಿಲ್ಲ.

ಅಮೆರಿಕದ ಟೆಕ್ಸಾಸ್ ರಾಜ್ಯಕ್ಕೂ ಈ ತತ್ವ ಹೋಯಿತು. ಡೆನಿಸನ್ ಎಂಬ ಊರಿನಲ್ಲಿ ಒಂದು ರೈಲ್ವೆ ಕಂಪನಿ ತನ್ನ ಎಂಜಿನ್ನುಗಳಿಗೆ ನೀರು ಬೇಕೆಂದು 66 ಅಡಿ ಆಳ, 20 ಅಡಿ ಅಗಲದ ಬಾವಿ ತೋಡಿ ದಿನಕ್ಕೆ 25,000 ಗ್ಯಾಲನ್ ಎತ್ತಿತು. ಪಕ್ಕದ ಮನೆಯವನ ಬಾವಿ 33 ಅಡಿ, ಬತ್ತಿತು. ಅವನು ದಾವಾ ಹೂಡಿದ. 1904ರಲ್ಲಿ ಅಲ್ಲಿಯ ಹಿರಿಯ ನ್ಯಾಯಾಲಯವೂ ರೈಲ್ವೆಯವರಿಗೇ ಗೆಲುವು ಕೊಟ್ಟಿತು. ನೆಲದಡಿಯ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೋ ತಿಳಿಯದ ಗುಟ್ಟು, ಅದಕ್ಕೆ ನ್ಯಾಯ ಹೇಳುವುದು ಹೇಗೆ ಎಂಬುದು ನ್ಯಾಯಾಧೀಶರ ವಾದ. ಪಿರಿಯಾಪಟ್ಟಣದ ಬಾವಿಕಟ್ಟೆಗೂ ಡೆನಿಸನ್ನಿನ ಬಾವಿಕಟ್ಟೆಗೂ ಏನು ವ್ಯತ್ಯಾಸ, ಹೇಳಿ?

ಆದರೆ ಟೆಕ್ಸಾಸಿನ ರೈತರು ಅಲ್ಲಿಗೆ ಬಿಡಲಿಲ್ಲ, ಅದಕ್ಕೇ ಈ ಕಥೆ. ಲಬ್ಬಕ್ ಎಂಬ ಊರಿನ ಸುತ್ತ ವಿಶಾಲವಾದ ಬಯಲು ಸೀಮೆ. ಕೆಳಗೆ ಓಗಲಾಲ ಎಂಬ ದೊಡ್ಡ ಮರಳಿನ ಜಲಪದರ. 1940ರ ದಶಕದಲ್ಲಿ ಪಂಪುಗಳು ಅಗ್ಗವಾಗಿ ಎಲ್ಲರೂ ಬಾವಿ ಕೊರೆದರು, ಹತ್ತಿ ಬೆಳೆದರು, ನೀರಿನ ಮಟ್ಟ ಇಳಿಯಿತು. ಸರ್ಕಾರ ಲಗಾಮು ಹಾಕುತ್ತೇನೆಂದಿತು, ರೈತರು ಸಿಟ್ಟಾದರು. ಕೊನೆಗೆ ಒಂದು ನಡುದಾರಿ: 1949ರಲ್ಲಿ ಆದ ಕಾಯಿದೆಯ ಪ್ರಕಾರ, ಒಂದು ಸೀಮೆಯ ಜನ ತಾವೇ ತಮ್ಮ ಅಂತರ್ಜಲಕ್ಕೆ ಒಂದು ರಕ್ಷಣಾ ವಲಯ ಮಾಡಿಕೊಳ್ಳಬಹುದು. ಆದರೆ ಅಲ್ಲಿಯ ಮತದಾರರು ಮತ ಹಾಕಿ ಒಪ್ಪಿದರೆ ಮಾತ್ರ. 1951ರಲ್ಲಿ ಲಬ್ಬಕ್ ಸೀಮೆಯವರು ಮತ ಹಾಕಿ ಮೊದಲನೇ ವಲಯವನ್ನು ಒಪ್ಪಿಕೊಂಡರು. ನಾವು ಮಾಡಿಕೊಳ್ಳದಿದ್ದರೆ ರಾಜಧಾನಿಯಿಂದ ಬಂದು ಮಾಡುತ್ತಾರೆ ಎಂಬ ಭಯವೂ ಆ ಮತದಲ್ಲಿತ್ತು, ಮುಚ್ಚಿಡುವುದೇಕೆ?

ಮತ ಹಾಕಿ ಅವರು ಪಡೆದದ್ದೇನು? ತಾವೇ ಆರಿಸಿದ ಒಂದು ಮಂಡಲಿ. ಬಾವಿಗೂ ಬಾವಿಗೂ ಇಷ್ಟು ದೂರವಿರಬೇಕು ಎಂಬ ಕಟ್ಟು. ದೊಡ್ಡ ಬಾವಿ ಕೊರೆಯುವುದಕ್ಕೆ ಮುಂಚೆ ಪರವಾನಗಿ. ನೀರು ರಸ್ತೆಗೆ ಹರಿದು ಪೋಲಾದರೆ ಕೇಳುವ ಅಧಿಕಾರ. ವರ್ಷಕ್ಕೊಮ್ಮೆ ಬಾವಿಗಳ ಮಟ್ಟ ಅಳೆದು ಎಲ್ಲರಿಗೂ ತಿಳಿಸುವುದು. ಖರ್ಚಿಗೆ ತಾವೇ ಒಪ್ಪಿದ ತೆರಿಗೆ. ಈಗ ಆ ರಾಜ್ಯದಲ್ಲಿ ಇಂಥ ವಲಯಗಳು ನೂರರ ಹತ್ತಿರ ಇವೆ.

ಹಾಗಾದರೆ ಲಬ್ಬಕ್ಕಿನಲ್ಲಿ ನೀರು ಉಕ್ಕುತ್ತಿದೆಯೆ ಎಂದು ಕೇಳುತ್ತೀರಿ. ಇಲ್ಲ. ಎಪ್ಪತ್ತು ವರ್ಷದ ಮೇಲೂ ಅಲ್ಲಿ ಮಟ್ಟ ಇಳಿಯುತ್ತಲೇ ಇದೆ. ದೂರದ ಕಟ್ಟು ಮಾಡಿದರು. ಎಷ್ಟು ಎತ್ತಬಹುದು ಎಂಬುದಕ್ಕೆ ಬಹುಕಾಲ ಕೈ ಹಾಕಲಿಲ್ಲ. ಅದೊಂದೇ ಪ್ರಶ್ನೆಯನ್ನು ಮುಂದೂಡಿದರೆ ಮಿಕ್ಕಿದ್ದೆಲ್ಲ ಮಾಡಿಯೂ ಪೂರ್ತಿ ಫಲವಿಲ್ಲ ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ಭೇದವೂ ಇದೆ. ಅವರ ಮರಳು ಪದರ ಹಲವು ಜಿಲ್ಲೆಗಳಷ್ಟು ಅಗಲ. ಒಂದು ಊರು ಉಳಿಸಿದ್ದು ಇನ್ನೊಂದು ಊರಿನ ಪಾಲಾಗಬಹುದು. ನಮ್ಮ ಕಲ್ಲುನೆಲದಲ್ಲಿ ನೀರು ಬಹುದೂರ ಹೋಗುವುದಿಲ್ಲ. ಒಂದು ಕೆರೆಗೆ ಹರಿದು ಬರುವ ಹಳ್ಳದ ಪ್ರದೇಶವೇ ಹೆಚ್ಚುಕಡಿಮೆ ಒಂದು ಬಾವಿ ಇದ್ದ ಹಾಗೆ. ಉಳಿಸಿದರೆ ನಮಗೇ, ಕಳೆದರೂ ನಮಗೇ.

ನಮ್ಮ ದೇಶದಲ್ಲೇ ಆ ಮುಂದೂಡಿದ ಪ್ರಶ್ನೆಗೆ ಕೈ ಹಾಕಿದವರಿದ್ದಾರೆ. ಮಹಾರಾಷ್ಟ್ರದ ಅಹಮದ್‌ನಗರ ಜಿಲ್ಲೆ, ಈಗ ಅದಕ್ಕೆ ಅಹಿಲ್ಯಾನಗರವೆಂದು ಹೆಸರು, ಅಲ್ಲಿ ಹಿವರೆ ಬಜಾರ್ ಎಂಬ ಸಣ್ಣ ಊರು. ನಮ್ಮ ಕೋಟೆ ಸೀಮೆಯ ಅರ್ಧ ಮಳೆಯೂ ಬೀಳದ ಜಾಗ. ಪೋಪಟರಾವ್ ಪವಾರ್ ಎಂಬವರು 1989ರಲ್ಲಿ ಸರಪಂಚರಾದ ಮೇಲೆ ಬದು, ಒಡ್ಡು, ಗಿಡ ಎಲ್ಲ ಮಾಡಿದರು. ಅದನ್ನು ಬಹಳ ಊರುಗಳು ಮಾಡಿವೆ. ಇವರು ಮಾಡಿದ ಹೆಚ್ಚಿನ ಕೆಲಸ ಗ್ರಾಮಸಭೆಯಲ್ಲಿ: ಬೇಸಾಯಕ್ಕೆ ಬೋರು ಬೇಡ, ತೆರೆದ ಬಾವಿ ಸಾಕು, ಕಬ್ಬು, ಬಾಳೆಯಂಥ ನೀರುಬಾಕ ಬೆಳೆ ಬೇಡ, ಮಳೆ ಮುಗಿದ ಮೇಲೆ ಆ ವರ್ಷದ ನೀರಿನ ಆಯವ್ಯಯ ಓದಿ, ಯಾವ ಬೆಳೆ ಎಂದು ತೀರ್ಮಾನಿಸುವುದು. ಮೊದಲು ಜನಕ್ಕೂ ದನಕ್ಕೂ ಕುಡಿಯುವುದಕ್ಕೆ, ಉಳಿದದ್ದು ಹೊಲಕ್ಕೆ. ನಮ್ಮ ಅರ್ಧ ತುಂಬಿದ ಕೆರೆಯ ಸಭೆಯೇ ಇದು! ಕೆರೆಯ ಬದಲು ನೆಲದಡಿ ನೋಡಿ ಮಾಡಿದರು, ಅಷ್ಟೆ. ಪವಾರರಿಗೆ 2020ರಲ್ಲಿ ಪದ್ಮಶ್ರೀ ಬಂತು.

ನಮ್ಮ ಗಡಿಯಾಚೆ ಅನಂತಪುರ, ಚಿತ್ತೂರು, ಕರ್ನೂಲು ಮೊದಲಾದ ಏಳು ಜಿಲ್ಲೆಗಳಲ್ಲಿ 2000ದ ದಶಕದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಅಲ್ಲಿ ಯಾವ ನಿಷೇಧವೂ ಇಲ್ಲ. ರೈತ ಗಂಡಸರು ಹೆಂಗಸರು ತಾವೇ ಮಳೆ ಅಳೆದರು, ಬಾವಿ ಮಟ್ಟ ಅಳೆದರು, ಹಿಂಗಾರಿಗೆ ಮುಂಚೆ ಸೇರಿ ಲೆಕ್ಕ ಓದಿದರು. ಲೆಕ್ಕ ನೋಡಿದ ಮೇಲೆ ಎಷ್ಟೋ ಜನ ಭತ್ತ ಬಿಟ್ಟು ಕಡಿಮೆ ನೀರಿನ ಬೆಳೆಗೆ ಇಳಿದರು. ಕಣ್ಣಿಗೆ ಕಾಣದ ನೀರನ್ನು ಕಾಣುವ ಹಾಗೆ ಮಾಡಿದ್ದೇ ಅಲ್ಲಿಯ ಬಂಡವಾಳ.

ಇನ್ನು ನಮ್ಮ ರಾಜ್ಯ. 1999ರಲ್ಲಿ ಕುಡಿಯುವ ನೀರಿನ ಮೂಲಗಳ ರಕ್ಷಣೆಗೆ ಕಾಯಿದೆ ಬಂತು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ಕೊರೆಯುವಂತಿಲ್ಲ. ನಜೀರ್ ಸಾಬರ ಪಂಪುಗಳನ್ನು ಕಾಯುವುದಕ್ಕೆ ಎಂದುಕೊಳ್ಳಿ. 2011ರ ಅಂತರ್ಜಲ ಕಾಯಿದೆ ಇನ್ನೂ ದೊಡ್ಡದು. ರಾಜ್ಯಕ್ಕೊಂದು ಅಂತರ್ಜಲ ಪ್ರಾಧಿಕಾರ, ಜಿಲ್ಲೆಗೆ ಜಿಲ್ಲಾಧಿಕಾರಿಗಳ ಸಮಿತಿ, ಅಧಿಸೂಚಿಸಿದ ಪ್ರದೇಶದಲ್ಲಿ ಕೊರೆಯುವುದಕ್ಕೆ ಅನುಮತಿ. ಕಾಯಿದೆ ಚೆನ್ನಾಗಿಯೇ ಇದೆ. ಆದರೆ ಮೇಲಿನಿಂದ ಕೆಳಗೆ ಇಳಿಯುವ ಕಾಯಿದೆ. ಊರಿನವರ ಮತ ಕೇಳುವ ಪದ್ಧತಿ ಅದರಲ್ಲಿಲ್ಲ. ರಾತ್ರಿ ಬರುವ ಲಾರಿಯನ್ನು ಬೆಂಗಳೂರಿನಿಂದ ಕಾಣುವುದು ಹೇಗೆ? ಕಾಣುವವನು ಪಕ್ಕದ ಹೊಲದವನೇ.

2019ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಅಟಲ್ ಭೂಜಲ ಯೋಜನೆ ಈ ದಿಕ್ಕಿಗೆ ಸ್ವಲ್ಪ ತಿರುಗಿತು. ಏಳು ರಾಜ್ಯಗಳಲ್ಲಿ ನಮ್ಮದೂ ಒಂದು. ಕೋಲಾರ, ತುಮಕೂರು, ಚಿತ್ರದುರ್ಗ ಮೊದಲಾದ ಜಿಲ್ಲೆಗಳ ಪಂಚಾಯಿತಿಗಳಲ್ಲಿ ಊರಿನವರೇ ಕೂತು ನೀರಿನ ಆಯವ್ಯಯ ಮಾಡಿ, ಜಲಭದ್ರತಾ ಯೋಜನೆ ಬರೆದು, ಗ್ರಾಮಸಭೆಯ ಒಪ್ಪಿಗೆ ಪಡೆದರು. ನಮ್ಮ ಮೈಸೂರು ಜಿಲ್ಲೆ ಆ ಪಟ್ಟಿಯಲ್ಲಿ ಇರಲಿಲ್ಲ. ಕೋಲಾರದಷ್ಟು ಬತ್ತಿಲ್ಲವಲ್ಲ ಎಂದು ಸಂತೋಷಪಡಬಹುದು. ನನಗೇನೋ, ನೀರು ಇನ್ನೂ ಇರುವಾಗ ಸಭೆ ಕೂರುವುದು ಸುಲಭ, ಬತ್ತಿದ ಮೇಲೆ ಹಂಚುವುದಕ್ಕೇನಿದೆ ಅನ್ನಿಸುತ್ತದೆ.

ಗ್ರಾಮಸಭೆ ಅಂದರೆ ಪಂಚಾಯಿತಿ ಮೆಂಬರುಗಳ ಸಭೆಯಲ್ಲ. 1993ರ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಅದರ ಸದಸ್ಯರೇ. ಗದ್ದೆ ಇಲ್ಲದ ಕೂಲಿಯವನೂ ಸೈ, ಕೈಪಂಪಿನ ಮುಂದೆ ಸಾಲು ನಿಲ್ಲುವ ಹೆಣ್ಣುಮಗಳೂ ಸೈ. ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಹಳೆಯ ಕೆರೆ ಸಭೆಗಿಂತ ಇದು ಮೇಲು ಎಂದು ನಾನು ಹೇಳುವುದು ಇದಕ್ಕೇ. ಇದರ ನಿರ್ಣಯಕ್ಕೆ ಲಾರಿಯನ್ನು ಹಿಡಿದು ನಿಲ್ಲಿಸುವ ಪೊಲೀಸು ಬಲ ಬರುವುದಿಲ್ಲ, ಅದೂ ನಿಜ. ಹಿವರೆ ಬಜಾರಿನಲ್ಲೂ ಪೊಲೀಸರು ನಿಂತಿರಲಿಲ್ಲ.

ಆ ಪಿರಿಯಾಪಟ್ಟಣದ ಊರಿನಲ್ಲಿ ಮೊನ್ನೆಯ ಗ್ರಾಮಸಭೆಗೆ ನಾನೂ ಹೋಗಿದ್ದೆ. ಹಿರಿಯರು ಎದ್ದು ನಿಂತು, ತೆರೆದ ಬಾವಿಯಿಂದ ಇಷ್ಟು ದೂರದೊಳಗೆ ಹೊಸ ಬೋರು ಬೇಡ, ಬೇಸಿಗೆ ಭತ್ತಕ್ಕೆ ಬೋರು ನೀರು ಬೇಡ ಎಂದು ಎರಡೇ ಮಾತು ಇಟ್ಟರು. ಗಲಾಟೆಯಾಯಿತು. “ಸಾಲ ಮಾಡಿ ಕೊರೆಸಿರೋನು ನಾನು, ಕೈ ಎತ್ತೋರು ನೀವಾ?” ಎಂದು ಒಬ್ಬರು ಕೇಳಿದರು. ಅವರ ಮಾತಿನಲ್ಲೂ ನ್ಯಾಯವಿದೆ. ನಮ್ಮ ತಂದೆ ಇದ್ದಿದ್ದರೆ ಅದನ್ನೇ ಕೇಳುತ್ತಿದ್ದರು. ಭೂಮಿಯನ್ನು ಶುಂಠಿಗೆ ಗುತ್ತಿಗೆ ಕೊಟ್ಟವರು, ಗುತ್ತಿಗೆ ಮುಗಿಯಲಿ ಆಮೇಲೆ ನೋಡೋಣ ಎಂದರು. ಹಿಂದುಗಡೆ ಕೂತಿದ್ದ ಒಬ್ಬ ಹೆಣ್ಣುಮಗಳು, “ಪಂಪು ಮೂರು ಕೊಡ ಕೊಟ್ಟು ಕೆಮ್ತದೆ, ಅದನ್ನೂ ಬರ್ಕಳಿ ಸಾಮಿ” ಎಂದು ಕಾರ್ಯದರ್ಶಿಗೆ ಹೇಳಿದಳು. ಬರೆದುಕೊಂಡರು. ನಿರ್ಣಯ ಮಾತ್ರ ಮುಂದಿನ ಸಭೆಗೆ ಹೋಯಿತು.

ಅಲ್ಲಿಯವರೆಗೆ ಒಂದು ಕೆಲಸ ಒಪ್ಪಿದ್ದಾರೆ. ಊರಿನ ಐದು ತೆರೆದ ಬಾವಿಗಳಿಗೆ ಪ್ರತಿ ಹುಣ್ಣಿಮೆ ಬೆಳಿಗ್ಗೆ, ಮೋಟಾರು ಹಾಕುವ ಮೊದಲು, ಅಡಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡುವುದು. ನೀರು ಮುಟ್ಟಿದ ಗಂಟು ಎಣಿಸಿ ಶಾಲೆಯ ಗೋಡೆಯ ಮೇಲೆ ಬರೆಯುವುದು. ದಾಯಾದಿಯ ಬೋರೂ ಈಗ ಎರಡು ಇಂಚಿನಿಂದ ಒಂದು ಇಂಚಿಗೆ ಬಂದಿದೆ. ಮತ ಹಾಕುತ್ತೇನೆಂದು ಆತ ಇನ್ನೂ ಹೇಳಿಲ್ಲ. ಆದರೆ ಹೋದ ಹುಣ್ಣಿಮೆ ಹಿರಿಯರ ಬಾವಿಗೆ ಇಳಿದ ಹಗ್ಗದ ಇನ್ನೊಂದು ತುದಿ ಆತನ ಕೈಲಿತ್ತು. ಮೂವತ್ತೇಳನೇ ಗಂಟಿಗೆ ನೀರು.

ನಿಮ್ಮ ಊರಿನಲ್ಲೂ ಹೀಗೆ ಅಳೆಯುವುದಿದ್ದರೆ ಹಗ್ಗ, ಗಂಟು, ಬರೆಯುವ ಕ್ರಮ ಹೇಗೆಂದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಆಗಲೇ ಅಳೆದಿಟ್ಟ ಲೆಕ್ಕವಿದ್ದರೆ ಮುಂದಿನ ಗ್ರಾಮಸಭೆಗೆ ಮೊದಲು ತಂದು ತೋರಿಸಿ, ಕೂತು ನೋಡೋಣ. ಬರುತ್ತೇನೆ, ನಮಸ್ಕಾರ.